ದಮ್ಮಿನ ರೋಗಿಯ ಹಗಲು ತೂಕಡಿಕೆ: ಕಾಕನಕೋಟೆ ಸೀಮೆಯ ಚರಿತ್ರೆಗೆ ಒಂದು ಟಿಪ್ಪಣಿ

ಕಾಕನಕೋಟೆಯ ಹೆಸರನ್ನು ಚರಿತ್ರೆಯ ವಿದ್ಯಾರ್ಥಿಗಳು ಅರಿತಿರುವುದು ಖೆಡ್ಡಾದ ಮೂಲಕ. ೧೮೭೪ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿಯು ಚಾಮರಾಜನಗರದ ಸಮೀಪದಲ್ಲಿ ಆನೆಯ ಹಿಂಡನ್ನು ಹಿಡಿದು ಈ ಪದ್ಧತಿಯನ್ನು ಮೈಸೂರಿನಲ್ಲಿ ನೆಲೆಗೊಳಿಸಿದನು. ಮುಂದೆ ಕಪಿಲಾತೀರದ ಕಾಕನಕೋಟೆ ಅದರ ಪ್ರಸಿದ್ಧ ಕ್ಷೇತ್ರವಾಯಿತು. ೧೯೭೧ರಲ್ಲಿ ಖೆಡ್ಡಾ ನಿಂತಿತು. ಹಿಂಡು ತಪ್ಪಿಸಿಕೊಳ್ಳದಂತೆ ಸುತ್ತಲೂ ಬೆಂಕಿಯನ್ನು ಹಾಕಿ, ರಾತ್ರಿಯೆಲ್ಲ ಎಚ್ಚರವಿದ್ದು ಕಾದವರು ಸುತ್ತಣ ಕಾಡಿನ ಮತ್ತು ಹಳ್ಳಿಗಳ ಜನ. ಹಿಡಿದ ಆನೆಗಳೆಷ್ಟು, ನೋಡಲು ಬಂದ ಅತಿಥಿಗಳಾರು ಎಂಬುದು ಬರೆವಣಿಗೆಯಲ್ಲಿ ಉಳಿದಿದೆ. ಹೊಗೆಯ ಬಳಿ ನಿದ್ರೆಗೆಟ್ಟವರ ಹಗಲು ಹೇಗಿತ್ತೆಂಬುದನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದ ವಿಷಯ ಈ ಬಗೆಯ ಹಗಲು. ದೀರ್ಘಕಾಲದ ಶ್ವಾಸಕೋಶದ ರೋಗವುಳ್ಳವರಲ್ಲಿ ಕಂಡುಬರುವ ತೂಕಡಿಕೆಯೂ ಬಳಲಿಕೆಯೂ ಸೋಮಾರಿತನವೆಂಬ ತೀರ್ಪಿಗೆ ಗುರಿಯಾಗುತ್ತ ಬಂದಿವೆ. ಆ ತೀರ್ಪನ್ನು ಚರಿತ್ರೆಯ ದೃಷ್ಟಿಯಿಂದ ಪರಾಮರ್ಶಿಸುವುದು ಇಲ್ಲಿಯ ಉದ್ದೇಶ.

ಖೆಡ್ಡಾ ನಿಂತರೂ ಈ ಸೀಮೆಯಲ್ಲಿ ಬೆಂಕಿಯ ಮುಂದಿನ ಜಾಗರಣೆ ನಿಲ್ಲಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯ ಹಬ್ಬಿತು. ೧೯೭೫ರ ಶಾಸನದಂತೆ ತಂಬಾಕು ಮಂಡಳಿ ಸ್ಥಾಪಿತವಾಯಿತು. ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜುಕಟ್ಟೆಗಳಲ್ಲಿ ಸೊಪ್ಪಿನ ಬಣ್ಣವನ್ನೂ ಹದವನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಆ ಹದ ದೊರೆಯುವುದು ಬ್ಯಾರನ್ನಿನಲ್ಲಿ. ಕಡ್ಡಿಗೆ ಕಟ್ಟಿದ ಹಸಿರೆಲೆಗಳನ್ನು ಅದರೊಳಗೆ ಸಾಲುಸಾಲಾಗಿ ತೂಗುಹಾಕಿ, ಒಲೆಯಲ್ಲಿ ಸೌದೆಯನ್ನು ಉರಿಸಿ, ಕೊಳವೆಗಳ ಮೂಲಕ ಶಾಖವನ್ನು ಹರಿಸುತ್ತಾರೆ. ಎಲೆ ಹಳದಿಯಾಗುವುದು, ಎಲೆಯ ಹಾಳೆ ಒಣಗುವುದು, ನಡುನರ ಒಣಗುವುದು ಎಂಬ ಮೂರು ಹಂತಗಳಿಗೆ ಸುಮಾರು ಒಂದು ವಾರ ಹಿಡಿಯುತ್ತದೆ. ಅಷ್ಟು ದಿನವೂ ಶಾಖವನ್ನು ಕ್ರಮವಾಗಿ ಏರಿಸಬೇಕು; ತಪ್ಪಿದರೆ ಎಲೆ ಕೆಡುತ್ತದೆ. ಆದಕಾರಣ ಮನೆಯವರಲ್ಲಿ ಒಬ್ಬರು ರಾತ್ರಿ ಎಚ್ಚರವಿರಲೇಬೇಕು. ಹೊಗೆ ಚಿಮಣಿಯಿಂದ ಹೊರಹೋಗುವುದೇನೋ ನಿಜ; ಒಲೆಯ ಬಾಯಿಗೆ ಸೌದೆಯನ್ನೊಡ್ಡುವವನಿಗೆ ಅದು ಪೂರ್ತಿ ತಪ್ಪುವುದಿಲ್ಲ.

ಅಡಿಗೆಮನೆಯ ಹೊಗೆ ಇದಕ್ಕಿಂತ ಪುರಾತನವಾದುದು, ಅದಕ್ಕೆ ಋತುವಿನ ಮಿತಿಯೂ ಇಲ್ಲ. ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಕುರಿತು ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ ೬೦ನ್ನು ಮುಟ್ಟಿದರೆ, ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯವು ಗಣನೀಯವಾಗಿ ಹೆಚ್ಚುವುದೆಂದು ಅವರು ತೋರಿಸಿದ್ದಾರೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡಿಗೆ ಮಾಡಿದವಳು ಆ ಎಲ್ಲೆಯನ್ನು ಮುಟ್ಟಿದಂತಾಯಿತು. ಬೀಡಿಯನ್ನೇ ಮುಟ್ಟದ ಹೆಂಗಸಿಗೆ ಈ ರೋಗ ಹೇಗೆ ಬಂದಿತೆಂಬ ಪ್ರಶ್ನೆಗೆ ಇದು ತಕ್ಕ ಸಮಾಧಾನವನ್ನು ಕೊಡುತ್ತದೆ.

ಶ್ವಾಸರೋಗಕ್ಕೂ ನಿದ್ರೆಗೂ ಇರುವ ಸಂಬಂಧ ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವಲ್ಲ. ತಮಕಶ್ವಾಸದ ರೋಗಿಗೆ ಮಲಗಿದರೆ ಬಾಧೆ ಹೆಚ್ಚುವುದೆಂದೂ ಕುಳಿತರೆ ಸುಖವೆನಿಸುವುದೆಂದೂ ಚರಕಸಂಹಿತೆ ಹೇಳುತ್ತದೆ. ಕನ್ನಡದ ಆಡುಮಾತಿನಲ್ಲಿ 'ದಮ್ಮು' ಎಂದರೆ ಉಸಿರು, ಉಬ್ಬಸದ ರೋಗ, ಕಸುವು ಈ ಮೂರೂ ಆಗುತ್ತವೆ. ಉಸಿರು ಕುಂದಿದವನ ಕಸುವೂ ಕುಂದುವುದೆಂಬ ಅನುಭವ ಈ ಪದದಲ್ಲಿ ಅಡಗಿದೆ. ಆದರೆ 'ದಮ್ಮಿಲ್ಲದವನು' ಎಂಬುದು ಬೈಗುಳವಾಗಿಯೂ ಬಳಕೆಯಲ್ಲಿರುವುದನ್ನು ಗಮನಿಸಬೇಕು. ರೋಗದ ಲಕ್ಷಣ ಶೀಲದ ದೋಷವಾಗಿ ಮಾರ್ಪಡುವ ಬಗೆ ಇದು.

ಎಲ್ಲ ರೋಗಿಗಳ ವಿಷಯದಲ್ಲಿಯೂ ಹೀಗಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗದ ಆರೋಗ್ಯಧಾಮ ಸ್ಥಾಪಿತವಾಯಿತು. ಔಷಧಗಳು ದೊರೆಯದಿದ್ದ ಆ ಕಾಲದ ಆರೋಗ್ಯಧಾಮಗಳಲ್ಲಿ ವಿಶ್ರಾಂತಿಯೇ ಮುಖ್ಯ ಚಿಕಿತ್ಸೆ. ಕ್ಷಯರೋಗಿಯ ಬಳಲಿಕೆಗೆ ವೈದ್ಯಶಾಸ್ತ್ರದ ಮನ್ನಣೆಯಿತ್ತು. ದಮ್ಮಿನ ರೋಗಿಯ ಬಳಲಿಕೆಗಾದರೋ ಅಂತಹ ಮನ್ನಣೆ ಬಹುಕಾಲ ಲಭಿಸಲಿಲ್ಲ.

ಅವನ ರಾತ್ರಿ ವೈದ್ಯರ ವಿಚಾರಣೆಗೆ ಸ್ಪಷ್ಟವಾಗಿ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ನಿದ್ರೆಯಲ್ಲಿ ಎಲ್ಲರ ಉಸಿರಾಟವೂ ತಗ್ಗುತ್ತದೆ. ಶ್ವಾಸಕೋಶ ಜೀರ್ಣವಾದವರಲ್ಲಿ, ಅದರಲ್ಲಿಯೂ ಕನಸು ಬೀಳುವ ಹಂತದಲ್ಲಿ, ರಕ್ತದ ಆಮ್ಲಜನಕ ಬಹಳ ಇಳಿಯಬಹುದು. ಕೆಲವರಲ್ಲಿ ಅಂಗಾರಾಮ್ಲವಾಯು ಸಂಚಯವಾಗುತ್ತದೆ. ಕೆಮ್ಮಿನಿಂದ ನಿದ್ರೆ ಮತ್ತೆಮತ್ತೆ ಮುರಿಯುತ್ತದೆ. ರಕ್ತದಲ್ಲಿ ಆಮ್ಲಜನಕ ತೀರ ಕಡಮೆಯಾದ ರೋಗಿಗಳನ್ನು ಕುರಿತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ೧೯೮೧ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿತು. ರಾತ್ರಿಯೂ ಸೇರಿ ದಿನಕ್ಕೆ ಕನಿಷ್ಠ ೧೫ ಗಂಟೆ ಆಮ್ಲಜನಕ ಪಡೆದ ೪೨ ಮಂದಿಯಲ್ಲಿ ೧೯ ಮಂದಿ ಐದು ವರ್ಷಗಳಲ್ಲಿ ತೀರಿಕೊಂಡರು. ಪಡೆಯದ ೪೫ ಮಂದಿಯಲ್ಲಿ ತೀರಿಕೊಂಡವರು ೩೦. ಈ ರೋಗದೊಡನೆ ನಿದ್ರೆಯಲ್ಲಿ ಉಸಿರು ಕಟ್ಟುವ ರೋಗವೂ ಕೂಡಿಬರಬಹುದೆಂಬುದನ್ನು ೧೯೮೫ರಲ್ಲಿ ಎಡಿನ್‌ಬರೋದ ಫ್ಲೆನ್ಲಿ ನಿರೂಪಿಸಿ, ಆ ಸಂಯೋಗಕ್ಕೆ ಒಂದು ಹೆಸರನ್ನೂ ಕೊಟ್ಟನು.

ತೂಕಡಿಕೆಯನ್ನು ಅಳೆಯಲು ಆಸ್ಟ್ರೇಲಿಯದ ಜಾನ್ಸ್ ೧೯೯೧ರಲ್ಲಿ ರಚಿಸಿದ ಎಪ್‌ವರ್ತ್ ಪ್ರಶ್ನಾವಳಿ ಇಂದು ಸರ್ವತ್ರ ಬಳಕೆಯಲ್ಲಿದೆ. ಅದರ ಎಂಟು ಸಂದರ್ಭಗಳಲ್ಲಿ ಓದುತ್ತ ಕೂರುವುದು, ಟೆಲಿವಿಷನ್ ನೋಡುವುದು, ಕಾರಿನಲ್ಲಿ ಒಂದು ಗಂಟೆ ಪ್ರಯಾಣ ಮಾಡುವುದು ಸೇರಿವೆ. ಓದುಬಲ್ಲದ, ಕಾರು ಹತ್ತದ ಮುದುಕಿಯೊಬ್ಬಳಿಗೆ ಇವುಗಳಲ್ಲಿ ಎಷ್ಟು ಅನ್ವಯಿಸುತ್ತವೆ? ಯಾವ ಆಧಾರವನ್ನೇ ಆಗಲಿ ಅದು ಹುಟ್ಟಿದ ಸಮಾಜವನ್ನರಿತು ಬಳಸಬೇಕೆಂಬ ನಮ್ಮ ಶಾಸ್ತ್ರದ ನಿಯಮ ಇಲ್ಲಿಯೂ ಸಲ್ಲುತ್ತದೆ.

ತೂಕಡಿಕೆ ಬೇರೆ, ಬಳಲಿಕೆ ಬೇರೆ. ಕುಳಿತಲ್ಲಿ ಕಣ್ಣು ಮುಚ್ಚುವುದು ಮೊದಲನೆಯದು; ನಿದ್ರೆ ಮಾಡಿ ಎದ್ದರೂ ಕೈಕಾಲು ಏಳದಿರುವುದು ಎರಡನೆಯದು. ಇದಕ್ಕೆ ಸ್ನಾಯುಗಳ ಕ್ಷೀಣತೆ, ರಕ್ತಹೀನತೆ, ಹೃದಯದ ದೌರ್ಬಲ್ಯ, ಮನಸ್ಸಿನ ಖಿನ್ನತೆ ಕಾರಣವಾಗಿರಬಹುದು. ಹಾಗೆಂದು ಎಲ್ಲ ತೂಕಡಿಕೆಯನ್ನೂ ರೋಗವೆನ್ನುವುದು ಉಚಿತವಲ್ಲ. ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಕಾವಲಿದ್ದವನು ಹಗಲು ತೂಕಡಿಸುವುದು ಸಹಜ. ಬೆಂಕಿ ಆರಿದ ಮೇಲೆ, ರಾತ್ರಿ ನಿದ್ರೆಗೆ ಅವಕಾಶವಿದ್ದಾಗಲೂ ಅದು ಉಳಿದಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಉಳಿದಿದ್ದರೆ, ಬೆಳಿಗ್ಗೆ ತಲೆನೋವೂ ಜೊತೆಗಿದ್ದರೆ, ವೈದ್ಯರಲ್ಲಿಗೆ ಹೋಗಬೇಕು. ದಮ್ಮಿನ ರೋಗಿಗೆ ಹಠಾತ್ತನೆ ಮಂಪರು ಕವಿದರೆ ಅದು ಪ್ರಾಣಾಪಾಯದ ಸೂಚನೆಯಾಗಿರಬಹುದು. 'ಪಾಪ, ಮಲಗಲಿ' ಎಂದು ಬಿಡುವುದೂ, ತಾವಾಗಿಯೇ ನಿದ್ರೆಯ ಮಾತ್ರೆ ಕೊಡುವುದೂ ಕೇಡಿಗೆ ಕಾರಣ.

ಈ ತಾಲ್ಲೂಕುಗಳ ಹಳ್ಳಿಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬಹುದಾದ ಸಂಗತಿಗಳು ಬಹಳ ಇವೆ: ಎಷ್ಟು ವರ್ಷ ಒಲೆಯ ಮುಂದೆ ಇದ್ದಿರಿ, ರಾತ್ರಿ ಮಲಗಿ ನಿದ್ರಿಸುವಿರೋ ಕುಳಿತು ನಿದ್ರಿಸುವಿರೋ, ಹಗಲು ಕಣ್ಣು ಎಳೆಯತೊಡಗಿದ್ದು ಯಾವಾಗಿನಿಂದ? ಹರಾಜುಕಟ್ಟೆಯ ಲೆಕ್ಕದಲ್ಲಿ ಸೊಪ್ಪಿನ ತೂಕವೂ ಬೆಲೆಯೂ ದೊರೆಯುತ್ತವೆ. ಅದನ್ನು ಬೇಯಿಸಿದವರ ನಿದ್ರೆಯ ಲೆಕ್ಕವನ್ನು ಅವರ ಬಾಯಿಂದಲೇ ಪಡೆಯಬೇಕು. ಆ ಕೆಲಸದಿಂದ ಚರಿತ್ರೆಗೆ ಆಧಾರ ದೊರೆಯುವುದರ ಜೊತೆಗೆ, ಸೋಮಾರಿಯೆನಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿರುವ ಯಾರಾದರೊಬ್ಬರು ಸಕಾಲದಲ್ಲಿ ಆಸ್ಪತ್ರೆಯನ್ನು ಸೇರುವುದೂ ಸಾಧ್ಯ.