ಸ್ಟೋರೇಜ್ ಸ್ವಿಚ್‌ಗೆ ಭದ್ರತಾ ಪ್ರಮಾಣಪತ್ರ ಮತ್ತು ನಿಗಾ: ಒಂದು ಕಿರು ಕೈಪಿಡಿ



ಹಿಂದೂಪುರ, ಕಲ್ಯಾಣದುರ್ಗದ ನಮ್ಮಲ್ಲಿ ಹಲವರಿಗೆ ಗಡಿಯ ಎರಡೂ ಕಡೆ ಜಮೀನಿದೆ. ಪಾವಗಡ, ಗೌರಿಬಿದನೂರು ಕಡೆಯ ಪಹಣಿಗೆ 'ಭೂಮಿ', ಇತ್ತ ಕಡೆಯ ಅಡಂಗಲ್‌ಗೆ 'ಮೀಭೂಮಿ' ನೋಡುತ್ತೇವೆ. ಹಿಂದೆ ಕಚೇರಿಯ ಬೀರುವಿನಲ್ಲಿದ್ದ ಕಡತಗಳು ಈಗ ದತ್ತಾಂಶ ಕೇಂದ್ರಗಳ ಡಿಸ್ಕ್‌ಗಳಲ್ಲಿವೆ. ಅಂಥ ಕೇಂದ್ರಗಳಲ್ಲಿ ಕೆಲಸ ಮಾಡುವ, ಮಾಡಬೇಕೆಂದಿರುವ ನಮ್ಮ ಮನೆಗಳ ಮಕ್ಕಳಿಗಾಗಿ ಈ ಬರಹ.

ಸ್ವಿಚ್ ಏನು ಮಾಡುತ್ತದೆ?

ಬ್ಯಾಂಕು, ಆಸ್ಪತ್ರೆಗಳಂಥ ದೊಡ್ಡ ಸಂಸ್ಥೆಗಳಲ್ಲಿ ಸರ್ವರ್‌ಗಳನ್ನೂ ಡಿಸ್ಕ್‌ಗಳನ್ನೂ ಜೋಡಿಸಲು ಸಾಮಾನ್ಯವಾಗಿ ಪ್ರತ್ಯೇಕ ಜಾಲವೇ ಇರುತ್ತದೆ. ಫೈಬರ್ ಚಾನೆಲ್ ಸ್ವಿಚ್ ಅದರ ನಡುಮನೆ. ಯಾವ ಸರ್ವರ್‌ಗೆ ಯಾವ ಡಿಸ್ಕ್ ಪೆಟ್ಟಿಗೆ ಕಾಣಬೇಕೆಂದು ನಿರ್ಧರಿಸುವ ಏರ್ಪಾಟಿಗೆ ಝೋನಿಂಗ್ ಎನ್ನುತ್ತಾರೆ. ಸ್ವಿಚ್‌ನ ಆಡಳಿತ ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕರೆ ಝೋನಿಂಗ್ ಬದಲಾಗಬಹುದು, ಇಡೀ ಕಚೇರಿಯ ದಾಖಲೆ ಒಂದೇ ಏಟಿಗೆ ಕಾಣದಂತಾಗಬಹುದು.

ಪ್ರಮಾಣಪತ್ರ ಏಕೆ?

ಹೊಸ ಸ್ವಿಚ್‌ನಲ್ಲಿ ಹೆಚ್ಚಾಗಿ ಅದೇ ಬರೆದುಕೊಂಡು ಅದೇ ಸಹಿ ಹಾಕಿಕೊಂಡ ಪ್ರಮಾಣಪತ್ರ ಇರುತ್ತದೆ. ನಮ್ಮ ಆದಾಯ ಪ್ರಮಾಣಪತ್ರಕ್ಕೆ ನಾವೇ ಸಹಿ ಹಾಕಿದರೆ ಯಾವ ಕಚೇರಿ ಒಪ್ಪುತ್ತದೆ? ತಹಶೀಲ್ದಾರರ ಸಹಿ ಬೇಕು. ಬ್ರೌಸರ್ ಎಚ್ಚರಿಕೆ ಕೊಡುವುದೂ ಅದಕ್ಕೇ. ದಿನವೂ ಆ ಎಚ್ಚರಿಕೆಯನ್ನು ದಾಟಿ ಹೋಗುವ ಅಭ್ಯಾಸ ಬಿದ್ದವರು, ಒಂದು ದಿನ ನಕಲಿ ಪುಟಕ್ಕೂ ಪಾಸ್‌ವರ್ಡ್ ಕೊಟ್ಟುಬಿಡುತ್ತಾರೆ.

ಕ್ರಮ ಹೀಗಿದೆ

1. ಮೊದಲು ಗಡಿಯಾರ ಸರಿಪಡಿಸಿ, ಎನ್‌ಟಿಪಿಗೆ ಜೋಡಿಸಿ. ಗಡಿಯಾರ ತಪ್ಪಿದ್ದರೆ ಅವಧಿಯ ಲೆಕ್ಕವೂ, ಲಾಗ್‌ನ ಸಮಯವೂ ತಪ್ಪುತ್ತವೆ.
2. ಸ್ವಿಚ್‌ನಲ್ಲೇ ಕೀಲಿ ಜೋಡಿ ತಯಾರಿಸಿ. ಆರ್‌ಎಸ್‌ಎ ಆದರೆ 2048 ಬಿಟ್‌ಗಿಂತ ಕಡಿಮೆ ಬೇಡ. ಖಾಸಗಿ ಕೀಲಿ ಹೊರಗೆ ಹೋಗಬಾರದು.
3. ಸಿಎಸ್‌ಆರ್ ಎಂಬ ಅರ್ಜಿ ತೆಗೆಯಿರಿ. ಸ್ವಿಚ್‌ನ ಪೂರ್ಣ ಹೆಸರು, ಐಪಿ ವಿಳಾಸ ಎರಡನ್ನೂ ಪರ್ಯಾಯ ಹೆಸರುಗಳ ಕಾಲಂನಲ್ಲಿ ಬರೆಯಿರಿ. ಇಂದಿನ ಬ್ರೌಸರ್‌ಗಳು ನೋಡುವುದು ಆ ಕಾಲಂ ಅನ್ನೇ.
4. ಸಂಸ್ಥೆಯ ಸ್ವಂತ ಪ್ರಮಾಣೀಕರಣ ಪ್ರಾಧಿಕಾರದಿಂದ ಸಹಿ ಮಾಡಿಸಿ.
5. ಮೊದಲು ಮೂಲ ಮತ್ತು ಮಧ್ಯಂತರ ಪ್ರಮಾಣಪತ್ರ, ಆಮೇಲೆ ಸ್ವಿಚ್‌ನದು. ಎಚ್‌ಟಿಟಿಪಿಎಸ್ ಸರಿಯಾಗಿ ತೆರೆದದ್ದನ್ನು ನೋಡಿಕೊಂಡು ಎಚ್‌ಟಿಟಿಪಿ, ಟೆಲ್ನೆಟ್ ಮುಚ್ಚಿ.
6. ಸಾಮಾನ್ಯವಾಗಿ ಎರಡು ಜಾಲಗಳಿರುತ್ತವೆ. ಒಂದರಲ್ಲಿ ಮುಗಿಸಿ, ಪರೀಕ್ಷಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ನಿಗಾ

ಎಸ್‌ಎನ್‌ಎಂಪಿಯಲ್ಲಿ 3ನೇ ಆವೃತ್ತಿಯನ್ನೇ ಬಳಸಿ. ಹಳೆಯ ಆವೃತ್ತಿಗಳಲ್ಲಿ ಗುಟ್ಟಿನ ಪದ ಜಾಲದ ಮೇಲೆ ಬಯಲಾಗಿಯೇ ಹೋಗುತ್ತದೆ. ಲಾಗ್‌ಗಳನ್ನು ಬೇರೆ ಸರ್ವರ್‌ಗೆ ಕಳುಹಿಸಿ. ಟಿಎಲ್‌ಎಸ್ ಮೂಲಕವಾದರೆ 6514ನೇ ಪೋರ್ಟ್. ಸಿಆರ್‌ಸಿ ದೋಷಗಳು, ಲಿಂಕ್ ಕಡಿತ, ಎಸ್‌ಎಫ್‌ಪಿಯ ಬೆಳಕಿನ ಮಟ್ಟ, ಬಫರ್ ಕ್ರೆಡಿಟ್ ಕೊರತೆ ಇವು ದಿನವೂ ನೋಡಬೇಕಾದವು. ಅಂಕಿಗಿಂತ ಅದರ ಏರಿಕೆ ಮುಖ್ಯ: ನಿನ್ನೆ 40 ಇದ್ದದ್ದು ಇಂದೂ 40 ಇದ್ದರೆ ಹಳೆಯ ಕಥೆ, 400 ಆಗಿದ್ದರೆ ಕೇಬಲ್, ಎಸ್‌ಎಫ್‌ಪಿ, ತುದಿಯ ದೂಳು ನೋಡಿ.

ಪ್ರಮಾಣಪತ್ರದ ಕೊನೆಯ ದಿನಾಂಕವೂ ಇದೇ ಪಟ್ಟಿಯಲ್ಲಿರಲಿ. 60, 30, 7 ದಿನ ಮುಂಚೆ ಎಚ್ಚರಿಕೆ ಬರಲಿ, ಅದೂ ಒಬ್ಬರಿಗಲ್ಲ, ಇಬ್ಬರಿಗೆ. ಒಬ್ಬರು ರಜೆ ಹಾಕಿದ ವಾರವೇ ಅವಧಿ ಮುಗಿಯುವುದು ಲೋಕರೂಢಿ.

ನಮ್ಮ ದೇಶದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಅದರಲ್ಲಿ ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು.

ಎರಡು ಪಾಠಗಳು

2018ರ ಡಿಸೆಂಬರ್ 6ರಂದು ಎರಿಕ್ಸನ್ ಕಂಪನಿಯ ತಂತ್ರಾಂಶದಲ್ಲಿದ್ದ ಪ್ರಮಾಣಪತ್ರದ ಅವಧಿ ಮುಗಿದು, ಬ್ರಿಟನ್ನಿನ ಒ2 ಜಾಲದ ಕೋಟ್ಯಂತರ ಗ್ರಾಹಕರ ಮೊಬೈಲ್ ಇಂಟರ್ನೆಟ್ ನಿಂತಿತು. 2014ರ ಜುಲೈನಲ್ಲಿ, ನಮ್ಮ ದೇಶದ ಎನ್‌ಐಸಿಯ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಗಿ, ಅದರ ಮಧ್ಯಂತರ ಪ್ರಮಾಣಪತ್ರಗಳನ್ನೇ ರದ್ದು ಮಾಡಬೇಕಾಯಿತು. ಮೊದಲನೆಯದು ತಾರೀಖು ಮರೆತ ತಪ್ಪು. ಎರಡನೆಯದು ಮೊಹರು ಕಾಯದ ತಪ್ಪು. ಕಚೇರಿಯಲ್ಲಿ ಬಾಳಿದವರಿಗೆ ಎರಡೂ ಹೊಸವಲ್ಲ.

ಈ ಕೆಲಸ ಮಾಡದ ಸದಸ್ಯರಿಗೂ ಒಂದು ಮಾತು: ಪಹಣಿ ನೋಡುವಾಗಲಾಗಲಿ, ಬ್ಯಾಂಕ್ ಪುಟ ತೆರೆಯುವಾಗಲಾಗಲಿ ಬ್ರೌಸರ್ ಎಚ್ಚರಿಸಿದರೆ ಮುಂದುವರಿಯಬೇಡಿ. ವಿಳಾಸವನ್ನು ಅಕ್ಷರ ಅಕ್ಷರ ನೋಡಿ, ಫೋನಿನ ದಿನಾಂಕ ಸರಿಯಿದೆಯೇ ನೋಡಿ. ಆಗಲೂ ಎಚ್ಚರಿಕೆ ಬಂದರೆ ಅಂದು ಬಿಟ್ಟು ಮರುದಿನ ನೋಡಿ. ಒಂದು ದಿನ ತಡವಾದರೆ ಜಮೀನು ಎಲ್ಲಿಗೂ ಹೋಗುವುದಿಲ್ಲ.

ಈ ಕ್ಷೇತ್ರದಲ್ಲಿರುವ ಸದಸ್ಯರು ತಿದ್ದುಪಡಿ, ಸಲಹೆಗಳಿದ್ದರೆ ಸಂಘಕ್ಕೆ ಕನ್ನಡದಲ್ಲೇ ಬರೆದು ಕಳುಹಿಸಬೇಕಾಗಿ ವಿನಂತಿ.


ಕಾರ್ಯದರ್ಶಿ