ಕಿವಿಗೆ ಬರೆದ ಕವಿತೆ

ಕನ್ನಡ ಕಾವ್ಯ ಮೊದಲಿಂದ ಕಿವಿಯ ಕಾವ್ಯ ಎಂದು ಪಂಡಿತರು ಹೇಳುತ್ತಾರೆ. ಯಾರ ಕಿವಿ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿಗಳು ಗುಡಿಯಲ್ಲಿ, ದೊಡ್ಡವರ ಜಗಲಿಯಲ್ಲಿ ಓದಿದರು. ನಮ್ಮವರು ದೂರ ನಿಂತು ಗಾಳಿ ತಂದಷ್ಟನ್ನು ಕೇಳಿಸಿಕೊಂಡರು. ಹಾಗಂತ ನಮ್ಮ ಕೇರಿಗಳೇನು ಮೂಕವಾಗಿರಲಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಕೂತರೆ ಮಂಟೇಸ್ವಾಮಿಯ ಕಥೆ ಬೆಳಗಿನವರೆಗೂ ನಡೆಯುತ್ತೆ. ಅದನ್ನು ಜಾನಪದ ಅಂತ ಬೇರೆ ಗೂಡಿಗೆ ಹಾಕಿ, ಕಾವ್ಯದ ಚರಿತ್ರೆಯನ್ನು ಬೇರೆ ಬರೆದರು.

1950ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಹಾಡಿನ ಧಾಟಿ ಬಿಟ್ಟು ಮಾತಿನ ಲಯಕ್ಕೆ ಬಂದರು. ಸಣ್ಣ ಕೆಲಸವಲ್ಲ ಅದು. ಆದರೆ ಅವರ ಹಿಂದೆ ಬಂದ ಎಷ್ಟೋ ನವ್ಯರ ಕೈಯಲ್ಲಿ ಕವಿತೆ ಒಬ್ಬನೇ ಕೂತು ಕಣ್ಣಲ್ಲಿ ಬಿಡಿಸಬೇಕಾದ ಒಗಟಾಯಿತು. ಕಣ್ಣಲ್ಲಿ ಓದೋದಕ್ಕೆ ಮೊದಲು ಅಕ್ಷರ ಬೇಕಲ್ಲ? 1971ರ ಜನಗಣತಿಯಲ್ಲಿ ಇಡೀ ದೇಶದ ಪರಿಶಿಷ್ಟ ಜಾತಿಗಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 15 ಜನವೂ ಇರಲಿಲ್ಲ. ಅಂಥ ಜನರ ಕವಿತೆ ಅಚ್ಚಾದರೆ ಪ್ರಕಟವಾದಂತಲ್ಲ. ಜನರ ನಡುವೆ ನಿಂತು ಓದಿದ ದಿನವೇ ಅದರ ಪ್ರಕಟಣೆ.

ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಹೆಸರಲ್ಲೇ ಹಾಡಿದೆ. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯ ಜೊತೆ ಅವರ ಪದಗಳು ಊರೂರು ತಿರುಗಿದವು, ಪುಸ್ತಕ ಮುಟ್ಟದವರ ಬಾಯಲ್ಲೂ ನಿಂತವು. ಇದು ಬರೀ ಘೋಷಣೆ, ಒಂದೇ ಸಾಲನ್ನು ಎಷ್ಟು ಸಲ ಹೇಳೋದು ಎಂದು ಗೊಣಗಿದ ವಿಮರ್ಶಕರು ಅದನ್ನು ಮೇಜಿನ ಮೇಲಿಟ್ಟುಕೊಂಡು ಓದಿದವರು. ಜಾಥಾದಲ್ಲಿ ಆ ಸಾಲು ಮರಳಿ ಬರೋದು ಹಿಂದಿನವರು ದನಿಗೂಡಿಸಲಿ ಅಂತ. ಮೊದಲ ಸಲ ಒಬ್ಬನ ಮಾತು, ಮೂರನೆಯ ಸಲಕ್ಕೆ ನೂರು ಜನರ ಮಾತು. ಇದು ಕಾಗದದ ಮೇಲೆ ಹೇಗೆ ಕಂಡೀತು?

ಅದೇ ಕಾಲಕ್ಕೆ, 1978ರಲ್ಲಿ, ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಕವಿತೆ ಮನೆಮನೆಗೂ ಹೋಯಿತು, ಸಂತೋಷವೇ. ಆದರೆ ಅಲ್ಲಿ ಹಾಡೋದು ಪಳಗಿದ ಗಾಯಕರು. ನಾವು ಕೂತು ಕೇಳುವವರು.

ಮೈಕು ಯಾರ ಕೈಗೆ ಅನ್ನೋ ಜಗಳ 1979ರಲ್ಲಿ ಬಯಲಿಗೆ ಬಿತ್ತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕು ಎಂದರು, ಪರಿಷತ್ತು ಒಪ್ಪಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬಂಡಾಯದವರು ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು.

ಈಗ ನಮಗೂ ಮೈಕು ಸಿಗುತ್ತೆ, ಇಪ್ಪತ್ತು ಕವಿಗಳ ನಡುವೆ ಮೂರು ನಿಮಿಷ. ಕೆಲವರು ಮೊಬೈಲಿನಿಂದ ತಲೆಯೆತ್ತದೆ ಓದಿ ಮುಗಿಸುತ್ತೇವೆ. ಕೆಲವರು ಕಿರುಚಿದರೇ ಬಂಡಾಯ ಅಂದುಕೊಂಡಿದ್ದೇವೆ. ಕೇಳುವವರು ಯಾರು? ತಮ್ಮ ಸರದಿಗೆ ಕಾದಿರುವ ಇತರೆ ಹತ್ತೊಂಬತ್ತು ಕವಿಗಳು. 2021ರಲ್ಲಿ ತೀರಿಕೊಂಡ ಸಿದ್ಧಲಿಂಗಯ್ಯನವರ ಹಾಡು ಇವತ್ತಿಗೂ ನಮ್ಮ ಸಭೆಗಳಲ್ಲಿ ಏಳುತ್ತೆ, ಹಾಳೆ ನೋಡದೆ. ದು. ಸರಸ್ವತಿಯವರು ‘ಸಣ್ತಿಮ್ಮಿ ರಾಮಾಯಣ’ವನ್ನು ಒಬ್ಬರೇ ನಿಂತು ಆಡುತ್ತಾರೆ. ಅದರಲ್ಲಿ ಸೀತೆಯ ಕಥೆ ನಡೆಯೋದು ನಮ್ಮ ಅವ್ವಂದಿರು ಆಡುವ ಮಾತಿನಲ್ಲೇ.