ಹೊಸ್ತಿಲು ತಗ್ಗಿಸಿದ ಕಾನೂನು

ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಲ್ಲಿ ಹೆಚ್ಚಿನವರು ಬದುಕಿ ಉಳಿಯಲಿಲ್ಲ. ಗುಂಡಿನಿಂದ ಪಾರಾದವರನ್ನು ಹಾಸಿಗೆಹುಣ್ಣು, ಮೂತ್ರಕೋಶದ ಸೋಂಕು ಕೊಂದವು. ಎರಡನೇ ಮಹಾಯುದ್ಧದ ಹೊತ್ತಿಗೆ ಸಲ್ಫಾ ಔಷಧಿ, ಪೆನಿಸಿಲಿನ್ ಬಂದಿದ್ದವು. ಹೀಗಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲದ ಎಷ್ಟೋ ತರುಣರು ಅಮೆರಿಕದ ಆಸ್ಪತ್ರೆಗಳಲ್ಲಿ ಜೀವ ಉಳಿಸಿಕೊಂಡರು. ಆದರೆ ಆಸ್ಪತ್ರೆ ಬಿಟ್ಟು ಹೋಗುವುದೆಲ್ಲಿಗೆ? ಊರಿನ ಮನೆಯ ಮುಂದೆ ಮೆಟ್ಟಿಲು. ಒಳಗೆ, ಗಾಲಿಕುರ್ಚಿ ಹಿಡಿಸದ ಬಚ್ಚಲ ಬಾಗಿಲು.

1944ರ ಜಿ.ಐ. ಬಿಲ್ ಯೋಧರ ಮನೆಸಾಲಕ್ಕೆ ಸರ್ಕಾರದ ಜಾಮೀನು ಕೊಟ್ಟಿತ್ತು. ಜಾಮೀನು ಯಾರದಾದರೂ ಸಾಲ ತೀರಿಸಬೇಕಾದವನು ಯೋಧನೇ. ಅಗಲ ಬಾಗಿಲು, ಇಳಿಜಾರು ದಾರಿಗೆ ತಗಲುವ ಹೆಚ್ಚಿನ ಖರ್ಚನ್ನೂ ಅವನ ತಲೆಗೇ ಕಟ್ಟಿದರೆ, ಗಾಯದ ಬಾಬ್ತನ್ನು ಗಾಯಾಳುವೇ ತೆತ್ತಂತೆ. ಪಾರ್ಶ್ವವಾಯು ಪೀಡಿತ ಮಾಜಿ ಸೈನಿಕರು ತಮ್ಮದೇ ಸಂಘ ಕಟ್ಟಿಕೊಂಡು ಒತ್ತಾಯ ತಂದರು. 1948ರ ಜೂನ್‌ನಲ್ಲಿ ಕಾನೂನು ಬಂತು: ಮನೆಯ ವೆಚ್ಚದಲ್ಲಿ ಅರ್ಧ, ಗರಿಷ್ಠ 10,000 ಡಾಲರ್, ಮರಳಿಸಬೇಕಿಲ್ಲದ ಅನುದಾನ.

ಆ ಹಣದ ನೆರವಿನಿಂದ ಎದ್ದ ಒಂದು ಮನೆ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿದೆ. ನೌಕಾಪಡೆಯಲ್ಲಿದ್ದ ಕೆನೆತ್ ಲಾರೆಂಟ್ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ನಂತರ ಕಾಲಿನ ಸ್ವಾಧೀನ ಕಳೆದುಕೊಂಡಿದ್ದರು. ಅವರು ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೇ ಪತ್ರ ಬರೆದರು. ರೈಟ್ ಒಂದೇ ಅಂತಸ್ತಿನ, ಹೊಸ್ತಿಲ ತಡೆಯಿಲ್ಲದ, ಕುಳಿತವರ ಕಣ್ಣಿನ ಮಟ್ಟಕ್ಕೆ ಒಪ್ಪುವ ಮನೆ ರೂಪಿಸಿದರು. 1952ರಲ್ಲಿ ಅಲ್ಲಿಗೆ ಹೋದ ದಂಪತಿ ಸುಮಾರು 60 ವರ್ಷ ಅಲ್ಲೇ ಬಾಳಿದರು. 2014ರಿಂದ ಅದು ವಸ್ತುಸಂಗ್ರಹಾಲಯ.

ಅದೇ 1952ರಲ್ಲಿ ಅಮೆರಿಕದಲ್ಲಿ ಸುಮಾರು 58,000 ಜನರಿಗೆ ಪೋಲಿಯೊ ತಗಲಿತು. ಅವರಲ್ಲಿ ಸಾವಿರಾರು ಮಂದಿಗೆ ಅಂಗಗಳ ಸ್ವಾಧೀನ ತಪ್ಪಿತು. ಗಾಲಿಕುರ್ಚಿ ಅದೇ, ಮೆಟ್ಟಿಲೂ ಅದೇ. ಈ ಅನುದಾನ ಮಾತ್ರ ಅವರಿಗಿಲ್ಲ. ಏಕೆಂದರೆ ಕಾನೂನು ಕೇಳುತ್ತಿದ್ದುದು 'ನಿನಗೇನು ಬೇಕು' ಎಂದಲ್ಲ, 'ಇದು ಸೇವೆಯಿಂದ ಆದದ್ದೇ' ಎಂದು. ಋಣ ತೀರಿಸುವ ಭಾಷೆಯಲ್ಲಿ ಬರೆದ ಕಾನೂನಿಗೆ ಹಕ್ಕಿನ ಮಾತು ಬರುತ್ತಿರಲಿಲ್ಲ.

ಯೋಧನ ಪಾಡೂ ಪೂರ್ತಿ ಸುಗಮವಾಗಲಿಲ್ಲ. ಅನುದಾನ ಅವನ ಮನೆಯ ಮೆಟ್ಟಿಲು ತೆಗೆಯಿತು. ಅಂಚೆಕಚೇರಿಯದು, ಗೆಳೆಯನ ಮನೆಯದು ಹಾಗೇ ಉಳಿಯಿತು. ಒಕ್ಕೂಟ ಸರ್ಕಾರದ ಕಟ್ಟಡಗಳಿಗೆ ನಿಯಮ ಬಂದದ್ದು 1968ರಲ್ಲಿ. ಅಂಗಡಿ, ಹೋಟೆಲುಗಳವರೆಗೆ ಅದನ್ನು ಹಿಗ್ಗಿಸಿದ ಅಂಗವಿಕಲರ ಕಾಯ್ದೆ 1990ರದು. ಸೈನಿಕರ ಅನುದಾನ ಇಂದಿಗೂ ಇದೆ. 2025ರ ಆರ್ಥಿಕ ವರ್ಷದಲ್ಲಿ ಅದರ ಮಿತಿ 1,21,812 ಡಾಲರ್. ಸೇವೆಯಿಂದ ಆದ ವೈಕಲ್ಯವೇ ಎಂಬ ಪ್ರಶ್ನೆಯೂ ಅರ್ಜಿಯಲ್ಲಿ ಇನ್ನೂ ಉಳಿದಿದೆ.